ಬಿಟರ್ನ್ ಕೌಂಟಿಯ ಮೊದಲ ದೂರು

ಬಿಟರ್ನ್ ಕೌಂಟಿಯ ಜನ ಏನನ್ನು ಬೇಕಾದರೂ ಸಹಿಸುತ್ತಾರೆ, ದೂರು ಹೇಳುವವರನ್ನು ಮಾತ್ರ ಸಹಿಸುವುದಿಲ್ಲ. ಮಿನೆಸೋಟ ರಾಜ್ಯದ ಉತ್ತರದ ತುದಿಯ ಆ ಜಿಲ್ಲೆಯಲ್ಲಿ ಆರು ತಿಂಗಳು ಹಿಮ ಬೀಳುತ್ತದೆ, ಉಳಿದ ಆರು ತಿಂಗಳು ಹಿಮ ಯಾವಾಗ ಬೀಳುತ್ತದೆಂಬ ಮಾತು ನಡೆಯುತ್ತದೆ. ಆದರೂ ಅಲ್ಲಿ ಯಾರನ್ನೇ ಹೇಗಿದ್ದೀರಿ ಎಂದು ಕೇಳಿ, ಗದ್ದವನ್ನು ಕಾಲರಿನೊಳಗೆ ಇಳಿಸಿ, ಒಂದು ಭುಜ ಮಾತ್ರ ಮೇಲೆತ್ತಿ, "ಪರವಾಗಿಲ್ಲ" ಎನ್ನುತ್ತಾರೆ. ಹಿಂದೆ ಒಬ್ಬ ರೈತನ ಕೊಟ್ಟಿಗೆ ಬೆಳಿಗ್ಗೆ ಸುಟ್ಟು ಬೂದಿಯಾಯಿತಂತೆ. ಹತ್ತು ಗಂಟೆಗೆ ಚರ್ಚಿನ ಕಾಫಿಗೆ ಬಂದವನನ್ನು ಏನು ಸಮಾಚಾರ ಎಂದು ಕೇಳಿದ್ದಕ್ಕೆ, "ಪರವಾಗಿಲ್ಲ, ಕೈ ಸ್ವಲ್ಪ ಬೆಚ್ಚಗಾಯ್ತು" ಎಂದನಂತೆ. ಈ ಕಥೆಯನ್ನು ಅಲ್ಲಿ ನಗಿಸುವುದಕ್ಕೆ ಹೇಳುವುದಿಲ್ಲ. ಮನುಷ್ಯ ಹೀಗಿರಬೇಕು ಎಂದು ಮಕ್ಕಳಿಗೆ ಹೇಳುತ್ತಾರೆ.

ಇಂಥ ಜನರ ನಡುವೆ ಹುಟ್ಟಿ, ಐವತ್ತೆಂಟು ವರ್ಷ ಬಾಳಿ, ಒಮ್ಮೆಯೂ ದೂರು ಹೇಳದ ಆರ್ಲನ್ ಟ್ವೆಟನ್, ರಾಜ್ಯ ಸರ್ಕಾರಕ್ಕೆ ಮೂರು ಪುಟದ ದೂರು ಬರೆಯಬೇಕಾಗಿ ಬಂದದ್ದು ಅವನ ಹಣೆಬರಹ.

ಆರ್ಲನ್ ಕೌಂಟಿಯ ರಿಮ್ಯಾಂಡ್ ಹೋಮಿನ ಮೇಲ್ವಿಚಾರಕ. ಕಾನೂನು ಮುರಿದ ಹುಡುಗರನ್ನು ನ್ಯಾಯಾಧೀಶರು ಕೆಲವು ತಿಂಗಳು ಕೂರಿಸುವ ಜಾಗ ಅದು. ಏಳು ಕೋಣೆ, ಆ ಚಳಿಗಾಲಕ್ಕೆ ನಾಲ್ಕು ಹುಡುಗರು. ಕಟ್ಟಡ ಮೊದಲು ಬೆಣ್ಣೆ ಕಾರ್ಖಾನೆಯಾಗಿತ್ತು. ಬೆಣ್ಣೆ ಕರಗಬಾರದೆಂದು ಕಟ್ಟಿದ ಕಟ್ಟಡದಲ್ಲಿ ಮಕ್ಕಳನ್ನು ಇಟ್ಟರೆ ಏನಾಗಬೇಕೋ ಅದೇ ಆಗುತ್ತಿತ್ತು. ಬಾಯ್ಲರು ಆರ್ಲನನಿಗಿಂತ ಎರಡು ವರ್ಷ ದೊಡ್ಡದು. ಅದರ ಬಿಸಿ ಮೊದಲನೇ ಕೋಣೆಗೆ ಚೆನ್ನಾಗಿ ತಲುಪುತ್ತಿತ್ತು, ಎರಡನೆಯದಕ್ಕೆ ಸುದ್ದಿ ಮಾತ್ರ ತಲುಪುತ್ತಿತ್ತು. ಪಡಸಾಲೆಯಲ್ಲಿ ಸೋರುವ ಜಾಗಕ್ಕೆ ಇಟ್ಟ ಬಕೆಟ್ಟು ಎಷ್ಟು ಹಳೆಯದೆಂದರೆ, ಕೌಂಟಿಯ ಸ್ವತ್ತಿನ ಪಟ್ಟಿಯಲ್ಲಿ ಅದಕ್ಕೊಂದು ನಂಬರು ಇತ್ತು.

ಕೌಂಟಿ ಮಂಡಳಿಯ ಅಧ್ಯಕ್ಷ ಮಾರ್ವಿನ್ ಓಡೆಗಾರ್ಡ್ ಹೋದ ಬೇಸಿಗೆಯಲ್ಲೇ ಹೇಳಿಬಿಟ್ಟಿದ್ದ: ಹೊಸ ಬಾಯ್ಲರು, ಹೊಸ ಛಾವಣಿ ಹಾಕಿಸುವಷ್ಟು ಶಕ್ತಿ ನಮಗಿಲ್ಲ; ವಸಂತದೊಳಗೆ ರಾಜ್ಯದ ಅನುದಾನ ಬಂದರೆ ಸರಿ, ಬಾರದಿದ್ದರೆ ಬೀಗ. ಹುಡುಗರನ್ನು ಇನ್ನೂರ ನಲವತ್ತು ಮೈಲಿ ದೂರದ ಒಂದು ಖಾಸಗಿ ಕೇಂದ್ರಕ್ಕೆ ಕಳಿಸುವುದು. ಆ ಮಾತು ಕೇಳಿದಾಗ ಆರ್ಲನನಿಗೆ ಮೊದಲು ನೆನಪಾದದ್ದು ಕೊರಿನ್ ಬ್ರೂನೆಲ್. ನಾಲ್ಕನೇ ಕೋಣೆಯ ಟೈ ಎಂಬ ಹದಿನೈದು ವರ್ಷದ ಹುಡುಗನ ತಾಯಿ. ಹಿಮದ ಮೇಲೆ ಓಡಿಸುವ ಪಕ್ಕದ ಮನೆಯವರ ಮೋಟಾರು ಗಾಡಿಯನ್ನು ಕೇಳದೆ ತೆಗೆದುಕೊಂಡು ಹೋಗಿ ಕೆರೆಯಲ್ಲಿ ಮುಳುಗಿಸಿದ್ದು ಟೈ ಮಾಡಿದ ಅಪರಾಧ. ಕೊರಿನ್ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಪ್ರತಿ ಬುಧವಾರ ಊಟದ ಬಿಡುವಿನಲ್ಲಿ ಒಂಟಿ ದೀಪದ ಕಾರಿನಲ್ಲಿ ಹನ್ನೆರಡು ಮೈಲಿ ಬಂದು ಮಗನನ್ನು ಇಪ್ಪತ್ತು ನಿಮಿಷ ನೋಡಿ ಹೋಗುತ್ತಾಳೆ. ಆ ಕಾರು ಇನ್ನೂರ ನಲವತ್ತು ಮೈಲಿ ಹೋಗುವುದಿಲ್ಲ. ಊಟದ ಬಿಡುವೂ ಅಷ್ಟು ಉದ್ದವಿಲ್ಲ.

ಹಾಗೆಂದು ಆರ್ಲನ್ ಸುಮ್ಮನೆ ಕೂತವನಲ್ಲ. ಮೂರು ವರ್ಷದಿಂದ ಅನುದಾನಕ್ಕೆ ಅರ್ಜಿ ಹಾಕುತ್ತಲೇ ಇದ್ದ. ಅರ್ಜಿಯ ನಾಲ್ಕನೇ ಪ್ರಶ್ನೆ, "ಕಟ್ಟಡದ ಈಗಿನ ಸ್ಥಿತಿಯನ್ನು ವಿವರಿಸಿ." ಮೊದಲ ವರ್ಷ ಆರ್ಲನ್, "ಪರವಾಗಿಲ್ಲ" ಎಂದು ಬರೆದ. ಎರಡನೇ ವರ್ಷ ಇನ್ನೂ ಸ್ವಲ್ಪ ಬಿಡಿಸಿ, "ಇದಕ್ಕಿಂತ ಕೆಟ್ಟದಾಗಿರಬಹುದಿತ್ತು" ಎಂದ. ಮೂರನೇ ವರ್ಷ ಧೈರ್ಯ ತಂದುಕೊಂಡು, "ದೇವರ ದಯೆಯಿಂದ ಗೋಡೆಗಳಿವೆ" ಎಂದು ಬರೆದು, ಇದು ಅತಿಯಾಯಿತೇನೋ ಎಂದು ಎರಡು ದಿನ ನಿದ್ದೆಗೆಟ್ಟ. ಮೂರು ಸಲವೂ ಇಲಾಖೆಯಿಂದ ಮರ್ಯಾದೆಯ ಉತ್ತರ ಬಂತು. ನಿಮಗೆ ಅಗತ್ಯವಿರುವುದು ಕಂಡುಬಂದಿಲ್ಲ, ಅಭಿನಂದನೆಗಳು.

ನಾಲ್ಕನೇ ವರ್ಷ ಅವನು ಡುಲೂತ್ ನಗರಕ್ಕೆ ಹೋಗಿ, ಅರ್ಜಿ ಬರೆಯುವುದು ಹೇಗೆಂಬ ಅರ್ಧ ದಿನದ ತರಬೇತಿ ಪಡೆದ. ಪ್ರಮಾಣಪತ್ರ ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿ ಕಚೇರಿಯಲ್ಲಿ, ಕಡವೆ ಚಿತ್ರಕ್ಕೂ ಬೆಂಕಿ ಆರಿಸುವ ಸಿಲಿಂಡರಿಗೂ ನಡುವೆ ತೂಗುಹಾಕಿದ. ಅಲ್ಲಿಂದ ಅವನ ಮಾತಿನ ಧಾಟಿಯೇ ಬದಲಾಯಿತು. ಹೆಂಡತಿ ಲವೋನ್ ಅಂಗಡಿಗೆ ಚೀಟಿ ಬರೆದರೆ, "ಬರೀ ಈರುಳ್ಳಿ ಅಂದ್ರೆ ಆಗಲ್ಲ ಲವೋನ್, ಈರುಳ್ಳಿ ಯಾಕೆ ಬೇಕು ಅನ್ನೋದು ಕಾಣಬೇಕು" ಎನ್ನುವಷ್ಟು ಮುಂದುವರಿದ.

ತರಬೇತಿಯಲ್ಲಿ ಹೇಳಿದ್ದರು, ಓದಿದವರ ಕಣ್ಣಲ್ಲಿ ನೀರು ಬರಬೇಕು ಎಂದು. ಒಂದು ಭಾನುವಾರ ಆರ್ಲನ್ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಕದ್ದು ಬರೆದ. "ನಾಲ್ಕನೇ ಕೋಣೆಯಲ್ಲಿ ಲೋಟದ ನೀರಿನಲ್ಲಿಟ್ಟ ಹಲ್ಲುಜ್ಜುವ ಬ್ರಶ್ಶನ್ನು ಬೆಳಿಗ್ಗೆ ಎತ್ತಿದರೆ ಲೋಟವೂ ಜೊತೆಗೆ ಬರುತ್ತದೆ. ಹುಡುಗರು ಬೂಟು ಹಾಕಿಕೊಂಡೇ ಮಲಗುತ್ತಾರೆ. ಅಡುಗೆಯವರು ಉಲ್ಲನ್ ಕೈಗವಸು ತೊಟ್ಟು ಆಲೂಗಡ್ಡೆ ಹೆರೆಯುತ್ತಾರೆ." ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಬರೆದು ಮುಗಿಸಿದಾಗ ಹೆತ್ತ ತಾಯಿಯ ಮೇಲೆ ಚಾಡಿ ಹೇಳಿದಷ್ಟು ಸಂಕಟವಾಗಿ, ಕೆಳಗೆ ಸಹಿ ಹಾಕದೆ ಬಿಟ್ಟ. ಊರಿನ ಅಂಚೆಯಲ್ಲಿ ಹಾಕಿದರೆ ಯಾರಾದರೂ ಲಕೋಟೆಯ ಮುಖ ನೋಡಿಯೇ ತಿಳಿದುಕೊಂಡಾರು ಎಂದು ಮೂವತ್ತು ಮೈಲಿ ಕಾರು ಓಡಿಸಿ, ಪಕ್ಕದ ಕೌಂಟಿಯ ಅಂಚೆ ಡಬ್ಬಿಗೆ ಹಾಕಿ ಬಂದ.

ಉತ್ತರ ಜನವರಿಯಲ್ಲಿ ಬಂತು. ಅರ್ಜಿ ಮನಮುಟ್ಟುವಂತಿದೆ, ಗುರುವಾರ ನಮ್ಮ ಪರಿಶೀಲಕಿ ಮಿಸ್ ಡೆನೀಸ್ ಕಪುಟೊ ಖುದ್ದಾಗಿ ಬಂದು ಕಟ್ಟಡ ನೋಡುತ್ತಾರೆ. ಸಂತೋಷ ತಡೆಯಲಾರದೆ ಆರ್ಲನ್ ಅರ್ಧ ವಿಷಯವನ್ನು ಹೆಂಡತಿಗೆ ಹೇಳಿದ. ತಪ್ಪಾದದ್ದು ಅಲ್ಲಿಯೇ.

"ಗುರುವಾರ ರಾಜಧಾನಿಯಿಂದ ಒಬ್ರು ಬರ್ತಾರೆ. ಕಟ್ಟಡ ನೋಡೋಕೆ."

ಲವೋನ್ ಹೆಣೆಯುತ್ತಿದ್ದ ಕಾಲುಚೀಲವನ್ನು ಕೆಳಗಿಟ್ಟಳು. "ಊಟಕ್ಕಾ?"

"ಊಟಕ್ಕೇನಲ್ಲ. ಬರೀ ನೋಡೋಕೆ."

"ಸೇಂಟ್ ಪಾಲಿಂದ ಇಲ್ಲಿತನಕ ಬಂದೋರು ಊಟ ಮಾಡದೆ ಹೋಗ್ತಾರಾ? ನೋಡೋಕೆ ಅಂದ್ರೆ ಏನು ನೋಡೋಕೆ?"

"ಸುಮ್ನೆ. ಹೇಗಿದೆ ಅಂತ."

"ಹೇಗಿದೆ ಅಂತ ನಂಗೆ ಗೊತ್ತು ಆರ್ಲನ್," ಎಂದು ಲವೋನ್ ಎದ್ದು ಫೋನಿನ ಕಡೆ ನಡೆದಳು.

ಒಂದು ಗಂಟೆಯೊಳಗೆ ಕೌಂಟಿಗೆ ಕೌಂಟಿಯೇ ಎದ್ದು ಕೂತಿತು. ಹೊರಗಿನವರು ಬರುತ್ತಾರೆ ಎಂದರೆ ಅಲ್ಲಿನವರಿಗೆ ಮೈಮೇಲೆ ಬಂದ ಹಾಗೆ. ಯಾಕೆ ಬರುತ್ತಾರೆ ಎಂದು ಕೇಳುವವರಿಲ್ಲ. ಮೊದಲು ನೆಲ ಒರೆಸಬೇಕು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಧ್ಯಕ್ಷ ಮಾರ್ವಿನ್ ಎರಡು ಕೈಯಲ್ಲೂ ಬಣ್ಣದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏನಯ್ಯಾ ಆರ್ಲನ್, ರಾಜ್ಯದೋರು ಬರ್ತಾರೆ ಅಂತ ಒಂದು ಮಾತು ಹೇಳ್ಬಾರ್ದಾ? ನಮ್ಮ ಮನೆಯೋಳು ಹೇಳಿ ನಂಗೆ ಗೊತ್ತಾಗ್ಬೇಕಾ?"

"ಬಣ್ಣ ಎಲ್ಲಾ ಯಾಕೆ ಬಿಡು ಮಾರ್ವಿನ್. ಸಹಜವಾಗಿ ಇರ್ಲಿ."

"ಸಹಜವಾಗಿ ನಾನು ನಮ್ಮ ಹಂದಿ ಗೂಡನ್ನೂ ಹೊರಗಿನೋರಿಗೆ ತೋರ್ಸಲ್ಲ. ಈ ಗೋಡೆ ನೋಡಿದ್ರೆ ಕೌಂಟಿ ಹತ್ರ ದುಡ್ಡಿಲ್ಲ ಅಂದ್ಕೋತಾರೆ."

"ನಮ್ಮ ಹತ್ರ ದುಡ್ಡಿಲ್ವಲ್ಲ."

"ಅದನ್ನ ಅವರಿಗ್ಯಾಕಯ್ಯಾ ಹೇಳ್ಬೇಕು?"

ಈಗ ಓದುಗರು ಕೇಳಬಹುದು, ಆರ್ಲನ್ ಇದ್ದದ್ದನ್ನು ಇದ್ದಂತೆ ಹೇಳಿಬಿಡಬಹುದಿತ್ತಲ್ಲ ಎಂದು. ಹೇಳಬಹುದಿತ್ತು. ಆದರೆ ಹಾಗೆ ಹೇಳಬೇಕಾದರೆ ತಾನು ಬಚ್ಚಲಲ್ಲಿ ಕೂತು ಏನು ಬರೆದೆ ಎಂಬುದನ್ನೂ ಹೇಳಬೇಕಿತ್ತು. ಬ್ಯಾಂಕಿಗೆ ಕನ್ನ ಹಾಕಿದ್ದೇನೆ ಎಂದು ಒಪ್ಪಿಕೊಳ್ಳುವುದು ಅವನಿಗೆ ಇದಕ್ಕಿಂತ ಸುಲಭವಾಗಿತ್ತು. ಅವನು ಏಣಿ ಹಿಡಿದ.

ಮೂರು ದಿನದಲ್ಲಿ ಗೋಡೆಗಳು ತಿಳಿಹಳದಿಯಾದವು. ಛಾವಣಿಯ ಕಲೆಯ ಮೇಲೂ ಮಾರ್ವಿನ್ ಎರಡು ಪದರ ಬಳಿದ. ಚರ್ಚಿನ ಹೆಂಗಸರು ತಾವೇ ಹೊಲಿದ ಏಳು ಬಣ್ಣಬಣ್ಣದ ಕೌದಿಗಳನ್ನು ತಂದು ಏಳು ಹಾಸಿಗೆಯ ಮೇಲೆ ಮಡಿಸಿಟ್ಟರು. ಯಾರ್‍ಯಾರ ಮನೆಯಿಂದಲೋ ಒಂಬತ್ತು ವಿದ್ಯುತ್ ಹೀಟರು ಬಂದವು. ಮೂವತ್ತೊಂದು ವರ್ಷದಿಂದ ಅಲ್ಲಿ ಅಡುಗೆ ಮಾಡುತ್ತಿದ್ದ ಅರ್ಡಿಸ್ ಎಂಬ ದಪ್ಪ ಹೆಂಗಸು ಪಡಸಾಲೆಯ ಬಕೆಟ್ಟನ್ನು ಎತ್ತಿ ಎಲ್ಲೋ ಮಾಯ ಮಾಡಿದಳು.

"ಬಕೆಟ್ ಎಲ್ಲಿ ಅರ್ಡಿಸ್?"

"ಯಾವ ಬಕೆಟ್?"

"ಸೋರೋ ಜಾಗದ್ದು."

"ಗುರುವಾರ ಸೋರಲ್ಲ," ಎಂದಳು ಅರ್ಡಿಸ್. ಆ ಧ್ವನಿ ಕೇಳಿ ಛಾವಣಿಯೂ ಹಾಗೇ ಆಗಲಿ ಎಂದುಕೊಂಡಿರಬೇಕು.

ನಾಲ್ಕನೇ ಕೋಣೆಯಲ್ಲಿ ಟೈ ತನ್ನ ಹಾಸಿಗೆಯ ತುದಿಯಲ್ಲಿ ಕೂತು ಕೌದಿಯನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದ. "ಮಿಸ್ಟರ್ ಟ್ವೆಟನ್, ಇದನ್ನ ಹೊದ್ಕೋಬಹುದಾ?"

ಆರ್ಲನ್ ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಅರ್ಡಿಸ್, "ಗುರುವಾರ ಕಳೀಲಿ ಕಂದ. ಸುಕ್ಕಾಗುತ್ತೆ," ಎಂದಳು. ಹುಡುಗ ಕೈ ಹಿಂದಕ್ಕೆ ತೆಗೆದುಕೊಂಡ.

ಅನುದಾನ ಕಣ್ಣೆದುರೇ ಸುಣ್ಣಬಣ್ಣ ಬಳಿದುಕೊಂಡು ದೂರ ಹೋಗುತ್ತಿತ್ತು. ಆರ್ಲನ್ ತನ್ನ ಕೈಲಾದದ್ದು ಮಾಡಿದ. ಎಲ್ಲರೂ ಊಟಕ್ಕೆ ಹೋದಾಗ ಒಂದು ಹೀಟರನ್ನು ಕಪಾಟಿನಲ್ಲಿ ಬಚ್ಚಿಟ್ಟ. ಲವೋನ್ ಹುಡುಕಿ ತೆಗೆದಳು. ಹೊಸ ಬಣ್ಣವನ್ನು ಚಾಕುವಿನಿಂದ ಅಂಗೈ ಅಗಲ ಕೆರೆದ. ಮಾರ್ವಿನ್ ಬಂದು, ಗೋಡೆಯದೇ ತಪ್ಪೆಂದು ತಿಳಿದು, ಮೂರನೇ ಪದರ ಬಳಿದ. ಕಡೆಗೆ ಬಾಯ್ಲರಿನ ಮಸಿಯನ್ನು ಚಿಂದಿಗೆ ಹಚ್ಚಿಕೊಂಡು ಪಡಸಾಲೆಯ ಗೋಡೆಗೆ ಒರೆಸುತ್ತಿರುವಾಗ ಕಿಟಕಿಯಾಚೆ ಚರ್ಚಿನ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು. ಅವರು ಕೈಬೀಸಿದರು. ಇವನೂ ಚಿಂದಿ ಹಿಡಿದ ಕೈಯನ್ನೇ ಬೀಸಿದ.

ಬುಧವಾರ ಮಧ್ಯಾಹ್ನ ಪಾದ್ರಿ ಲುಂಡ್‌ಬಿ ಕಚೇರಿಗೆ ಬಂದು, ಕಡವೆ ಚಿತ್ರದ ಕೆಳಗೆ ಕೂತು, ಬಹಳ ಮೃದುವಾಗಿ ಕೇಳಿದರು. "ಆರ್ಲನ್, ಮನೇಲೆಲ್ಲಾ ಸರಿಯಿದ್ಯಾ?"

"ಪರವಾಗಿಲ್ಲ, ಪಾದ್ರಿಗಳೇ."

"ನಿದ್ದೆ?"

"ಪರವಾಗಿಲ್ಲ."

"ಗೋಡೆಗೆ ಮಸಿ ಬಳೀತಿದ್ರಂತೆ."

"ಸ್ವಲ್ಪ."

ಪಾದ್ರಿ ಅವನ ಕೈಮೇಲೆ ಕೈಯಿಟ್ಟು ಒಂದು ನಿಮಿಷ ಪ್ರಾರ್ಥನೆ ಮಾಡಿದರು. ಆ ಸಂಜೆಗೆಲ್ಲ ಆರ್ಲನ್‌ಗೆ ತಲೆ ಸ್ವಲ್ಪ ಆಚೀಚೆ ಆಗಿದೆ, ಪಾಪ ಕೆಲಸದ ಒತ್ತಡ ಎಂಬ ಸುದ್ದಿ ಕೌಂಟಿಯ ಎರಡು ಅಂಚನ್ನೂ ಮುಟ್ಟಿತು. ಅವನ ಮನೆಗೆ ಮೂರು ಹಾಟ್‌ಡಿಶ್ ಬಂದವು. ಆಲೂಗಡ್ಡೆ, ಕೊಚ್ಚಿದ ಮಾಂಸದ ಮೇಲೆ ಡಬ್ಬಿಯ ಅಣಬೆ ಸಾರು ಸುರಿದು ಬೇಯಿಸುವ ಈ ತಿನಿಸನ್ನು ಅಲ್ಲಿ ಸಾವಿನ ಮನೆಗೆ ಒಯ್ಯುತ್ತಾರೆ, ಹೆರಿಗೆಯ ಮನೆಗೆ ಒಯ್ಯುತ್ತಾರೆ, ತಲೆ ಕೆಟ್ಟವರ ಮನೆಗೂ ಒಯ್ಯುತ್ತಾರೆ ಎಂಬುದು ಆರ್ಲನನಿಗೆ ಅಂದು ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿತ್ತು. ಮಿಸ್ ಕಪುಟೊ ಕಪ್ಪು ಕೋಟು ತೊಟ್ಟು, ಕೈಯಲ್ಲಿ ಫೈಲು ಹಿಡಿದು ಇಳಿದಳು. ಆಕೆ ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಅಲ್ಲಿ ಬ್ರೆಡ್ಡು ಗಟ್ಟಿಯಾಗಿದ್ದರೂ ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ಮಿನೆಸೋಟಕ್ಕೆ ಬಂದು ಏಳು ತಿಂಗಳಾಗಿತ್ತು. ಏಳು ತಿಂಗಳಿಂದ ಆಕೆಗೆ ಒಬ್ಬರೂ ಮನಸ್ಸಿನಲ್ಲಿದ್ದದ್ದನ್ನು ಹೇಳಿರಲಿಲ್ಲ.

ಒಳಗೆ ಒಂಬತ್ತು ಹೀಟರು ಕೆಂಪಗೆ ಉರಿಯುತ್ತಿದ್ದವು. ಬಣ್ಣದ ವಾಸನೆ, ಸಿಹಿ ತಿಂಡಿಯ ವಾಸನೆ. ಕೌದಿಗಳ ಅಂಚು ಗೆರೆ ಹಿಡಿದಂತಿತ್ತು. ಹುಡುಗರ ತಲೆಗೆ ನೀರು ಹಚ್ಚಿ ಬಾಚಲಾಗಿತ್ತು. ಮಿಸ್ ಕಪುಟೊ ಕೋಟು ತೆಗೆದು ತೋಳಿಗೆ ಹಾಕಿಕೊಂಡಳು. ಕೋಟು ಕಳಚಿದ್ದನ್ನು ನೋಡಿ, ಅನುದಾನವೂ ಕಳಚಿತು ಎಂದುಕೊಂಡ ಆರ್ಲನ್.

"ಅಡುಗೆಮನೇಲಿ ಚಳಿ ಆಗುತ್ತಾ?" ಎಂದು ಆಕೆ ಅರ್ಡಿಸಳನ್ನು ಕೇಳಿದಳು.

"ಕೆಲ್ಸ ಮಾಡೋರಿಗೆ ಎಲ್ಲಿ ಚಳಿ ಮೇಡಂ."

"ಛಾವಣಿ ಸೋರುತ್ತಾ?"

"ಸೋರೋದು ಅಂತೇನಿಲ್ಲ," ಎಂದ ಮಾರ್ವಿನ್. "ಯಾವಾಗ್ಲೋ ಒಂದೆರಡು ಹನಿ. ಅದೂ ಕೇಳ್ಕೊಂಡು ಬೀಳತ್ತೆ."

"ಬಾಯ್ಲರು ಹೇಗಿದೆ?"

"ಹಳೇದು. ಆದ್ರೆ ಪರವಾಗಿಲ್ಲ."

ಆರ್ಲನ್ ಆಕೆಯ ಹಿಂದೆ ಹಿಂದೆ ನಡೆಯುತ್ತ, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದ. ಲವೋನ್ ಅವನ ತೋಳು ಹಿಡಿದು, "ನೀನು ಮಾತಾಡ್ಬೇಡ, ಸುಸ್ತಾಗುತ್ತೆ," ಎಂದಳು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಹನ್ನೊಂದು ಹಾಟ್‌ಡಿಶ್ ಸಾಲಾಗಿ ಕೂತಿದ್ದವು. ಮಂಡಳಿಯವರು, ಪಾದ್ರಿ, ಚರ್ಚಿನ ಹೆಂಗಸರು, ನಾಲ್ಕು ಹುಡುಗರು, ಎಲ್ಲರೂ ತಟ್ಟೆ ಹಿಡಿದು ಕೂತರು. ಮಿಸ್ ಕಪುಟೊ ಮಾತ್ರ ತಟ್ಟೆ ಮುಟ್ಟದೆ ಫೈಲು ತೆರೆದಳು.

"ಊಟಕ್ಕೆ ಮೊದಲು ಒಂದು ವಿಷಯ ಕೇಳ್ಬೇಕು. ಈ ಅರ್ಜಿ ಓದಿ ನಾನು ಕಚೇರೀಲಿ ಅತ್ತಿದೀನಿ. ಈಗ ಇಲ್ಲಿ ನೋಡಿದ್ರೆ ನಮ್ಮ ಮನೆಗಿಂತ ಚೆನ್ನಾಗಿದೆ." ಎಂದು ಗಟ್ಟಿಯಾಗಿ ಓದತೊಡಗಿದಳು. ಹಲ್ಲುಜ್ಜುವ ಬ್ರಶ್ಶು ಬಂತು. ಬೂಟು ಹಾಕಿಕೊಂಡು ಮಲಗುವುದು ಬಂತು. ಉಲ್ಲನ್ ಕೈಗವಸು ಬಂದಾಗ ಅರ್ಡಿಸ್ ತನ್ನ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಓದಿ ಮುಗಿದಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಡೀ ಕೌಂಟಿಯ ಬಟ್ಟೆಯನ್ನು ಯಾರೋ ಹೊರಗಿನವರ ಮುಂದೆ ಬಿಚ್ಚಿದ್ದರು.

"ಸುಳ್ಳು ಅರ್ಜಿ ಕೊಡೋದು ಅಪರಾಧ, ಗೊತ್ತಲ್ವಾ? ಇದನ್ನ ಬರೆದವರು ಯಾರು?"

ಮಾರ್ವಿನ್ ಗಂಟಲು ಸರಿಮಾಡಿಕೊಂಡ. "ಮೇಡಂ, ಇದು ನಮ್ಮದಿರಲಾರ್ದು. ಪಕ್ಕದ ಕೌಂಟಿ ಪುಟ ನಮ್ಮ ಫೈಲಲ್ಲಿ ಬೆರೆತು ಹೋಗಿರ್ಬೇಕು. ಅಲ್ಲಿ ಇಂಥದೆಲ್ಲ ನಡೆಯುತ್ತೆ."

ಮಿಸ್ ಕಪುಟೊ ಲಕೋಟೆ ತಿರುಗಿಸಿ ನೋಡಿದಳು. ಅಂಚೆ ಮುದ್ರೆ ನೋಡಿದರೆ ಪಕ್ಕದ ಕೌಂಟಿಯದೇ. "ಹೌದಲ್ಲ," ಎಂದಳು. "ಹಾಗಾದ್ರೆ ನಾನು ಅಲ್ಲಿಗೆ ಹೋಗಬೇಕಿತ್ತು."

ಎಲ್ಲರೂ ನಿಟ್ಟುಸಿರು ಬಿಟ್ಟರು. ಅವರಿಗೆ ಪಾಪ ಏನು ಗೊತ್ತು, ತಮ್ಮ ಬಾಯ್ಲರು, ತಮ್ಮ ಛಾವಣಿ, ಕೊರಿನ್ ಬ್ರೂನೆಲ್‌ಳ ಬುಧವಾರ, ಎಲ್ಲವೂ ಆ ಫೈಲಿನಲ್ಲಿ ಮುಚ್ಚಿಕೊಂಡು ಪಕ್ಕದ ಕೌಂಟಿಗೆ ಹೊರಟಿವೆ ಎಂದು. ಅಪಾಯ ತಪ್ಪಿದ ಸಂಭ್ರಮಕ್ಕೆ ಅರ್ಡಿಸ್ ಮೂರನೇ ಕಾಫಿ ಪಾತ್ರೆಯ ಪ್ಲಗ್ಗು ಹಾಕಿದಳು.

ಢಬ್ ಎಂದಿತು. ದೀಪ ಹೋಯಿತು. ಒಂಬತ್ತು ಹೀಟರುಗಳು ಒಟ್ಟಿಗೆ ಕೆಂಪಿನಿಂದ ಕಪ್ಪಾದವು.

ಫ್ಯೂಸು ಹೋಗಿದೆ ಎಂದು ಯಾರೂ ಹೇಳಲಿಲ್ಲ. ಕಿಟಕಿಯಿಂದ ಬೆಳಕಂತೂ ಬರುತ್ತಿತ್ತಲ್ಲ. ಐದು ನಿಮಿಷಕ್ಕೆ ನೆಲದಿಂದ ಚಳಿ ಎದ್ದಿತು. ಎಂಟು ನಿಮಿಷಕ್ಕೆ ಮಾತನಾಡಿದವರ ಬಾಯಿಂದ ಹೊಗೆ ಬಂತು. ಹಾಟ್‌ಡಿಶ್ಶಿನ ಮೇಲೆ ಕೊಬ್ಬು ಬಿಳಿಯ ಕೆನೆಯಾಗಿ ಹೆಪ್ಪುಗಟ್ಟಿತು.

"ಸ್ವಲ್ಪ ಗಾಳಿ ಬಂದ ಹಾಗಾಯ್ತು," ಎಂದರು ಪಾದ್ರಿ, ಕಾಲರು ಮೇಲೆಳೆದುಕೊಳ್ಳುತ್ತ.

"ಒಳ್ಳೇ ಗಾಳಿ," ಎಂದ ಮಾರ್ವಿನ್. ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ಜೀರ್ಣಕ್ಕೆ ಒಳ್ಳೇದು."

ಮಿಸ್ ಕಪುಟೊ ಕೋಟು ತೊಟ್ಟು, ಗುಂಡಿ ಹಾಕಿ, ಟೋಪಿ ಇಟ್ಟುಕೊಂಡಳು. ಮೇಜಿನ ಸುತ್ತ ನೋಡಿದಳು. "ಯಾರಿಗೂ ಚಳಿ ಆಗ್ತಿಲ್ವಾ?"

ಯಾರಿಗೂ ಆಗುತ್ತಿರಲಿಲ್ಲ. ಆಕೆ ತುದಿಯಲ್ಲಿ ಕೂತ ಟೈ ಕಡೆ ತಿರುಗಿದಳು. ತೆಳ್ಳನೆಯ ಸಮವಸ್ತ್ರ, ತುಟಿ ನೀಲಿ, ಎರಡು ಕೈ ತೊಡೆಗಳ ನಡುವೆ. "ನಿಂಗೆ?"

ಹುಡುಗ ಒಮ್ಮೆ ಆರ್ಲನನ ಮುಖ ನೋಡಿದ. ಗದ್ದವನ್ನು ಕಾಲರಿನೊಳಗೆ ಇಳಿಸಿ, ಒಂದು ಭುಜ ಮಾತ್ರ ಮೇಲೆತ್ತಿ, "ಪರವಾಗಿಲ್ಲ" ಎಂದ.

ಆರ್ಲನನಿಗೆ ಅದು ಎದೆಗೆ ನಾಟಿತು. ಈ ಹುಡುಗ ತನ್ನ ಕೈಕೆಳಗೆ ನಾಲ್ಕು ತಿಂಗಳಿದ್ದ. ಗಣಿತ ಕಲಿಯಲಿಲ್ಲ, ಬಡಗಿ ಕೆಲಸ ಕಲಿಯಲಿಲ್ಲ, ಇದೊಂದನ್ನು ಭುಜದ ಸಮೇತ ಕಲಿತಿದ್ದ. ನಾಚಿಕೆಯಾಯಿತು. ಅರ್ಜಿ ಬರೆದದ್ದಕ್ಕಲ್ಲ. ಐವತ್ತೆಂಟು ವರ್ಷಕ್ಕೆ ಮೊದಲ ಬಾರಿಗೆ ಬೇರೆಯದಕ್ಕೆ ನಾಚಿಕೆಯಾಯಿತು. ಅವನು ಎದ್ದು ನಿಂತ.

"ಚಳಿ," ಎಂದ.

ಯಾರೋ ಚಮಚ ಕೆಳಗೆ ಬಿಟ್ಟರು. "ಕೂತ್ಕೋ ಆರ್ಲನ್," ಎಂದಳು ಲವೋನ್.

"ಚಳಿ ಆಗ್ತಿದೆ ಮೇಡಂ. ನಂಗೆ ಈಗ ಆಗ್ತಿದೆ. ದಿನಾ ಆಗುತ್ತೆ." ಅವನು ಟೈ ಕಡೆ ಕೈ ತೋರಿಸಿದ. "ಆ ಹುಡುಗನಿಗೂ ಆಗ್ತಿದೆ. ಅವನು ಹೇಳಲ್ಲ. ಹೇಳೋದು ನಾವು ಕಲ್ಸಿಲ್ಲ. ಅರ್ಜಿ ನಾನೇ ಬರ್ದಿದ್ದು. ಪಕ್ಕದೂರಿಂದ ಅಂಚೆಗೆ ಹಾಕಿದ್ದು ನಾಚಿಕೆಗೆ. ಒಂದಕ್ಷರನೂ ಸುಳ್ಳಲ್ಲ." ಎಂದವನೇ ನಾಲ್ಕನೇ ಕೋಣೆಗೆ ಹೋಗಿ, ಮಡಿಕೆ ಕೆಡದಂತೆ ಕಾಪಾಡಿದ್ದ ಕೌದಿಯನ್ನು ಎಳೆದು ತಂದು ಟೈಯ ಮೈತುಂಬ ಹೊದಿಸಿದ. ಕೌದಿ ಸುಕ್ಕಾಯಿತು.

ಅರ್ಡಿಸ್ ಎದ್ದಳು. ಅಡುಗೆಮನೆಯಲ್ಲಿ ಬಳಸದೆ ಬಿಟ್ಟಿದ್ದ ಹಳೆಯ ಒಲೆಯ ಬಾಗಿಲು ತೆರೆದು, ಒಳಗೆ ಅಡಗಿಸಿಟ್ಟಿದ್ದ ಬಕೆಟ್ಟನ್ನು ತೆಗೆದು, ಮಿಸ್ ಕಪುಟೊಳ ತಟ್ಟೆಯ ಪಕ್ಕ ಧಡ್ ಎಂದು ಇಟ್ಟಳು. ಕೈಯನ್ನು ಮೇಜಿನ ಮೇಲೆ ಚಾಚಿದಳು.

"ನೋಡಿ ಮೇಡಂ ಈ ಬೆರಳು. ಚಳಿಗಾಲ ಪೂರ್ತಿ ಮಡಚಕ್ಕಾಗಲ್ಲ. ಮೂವತ್ತೊಂದು ವರ್ಷ ಆಯ್ತು."

ಅಷ್ಟೇ ಸಾಕಾಯಿತು. ತಲೆತಲಾಂತರದಿಂದ ಹೊಟ್ಟೆಗೆ ಹಾಕಿಕೊಂಡದ್ದೆಲ್ಲ ಹೊರಬರಲು ಬಾಗಿಲು ಸಿಕ್ಕಿತು. ಮಂಡಳಿಯವನೊಬ್ಬ ಛಾವಣಿಯ ಮರ ಕೊಳೆತಿದೆ ಎಂದ. ಇನ್ನೊಬ್ಬ ಬಾಯ್ಲರು ಒಂದು ದಿನ ಸಿಡಿಯುತ್ತದೆ ಎಂದ. ಮಾರ್ವಿನ್ ಎದ್ದು ನಿಂತು, ಅಲ್ಲಿ ಮೂರು ಪದರದ ಕೆಳಗೆ ಏನಿದೆ ಎಂದು ತೋರಿಸುತ್ತೇನೆ ಬನ್ನಿ ಎಂದು ಚಾಕು ಕೇಳಿದ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ರುಚಿ ಹತ್ತಿತ್ತು.

"ಇನ್ನೊಂದ್ ಮಾತು," ಎಂದ ಮಾರ್ವಿನ್. "ಅರ್ಡಿಸ್, ನಿನ್ನ ಕಾಫಿ ಇಪ್ಪತ್ತು ವರ್ಷದಿಂದ ಬರೀ ಬಿಸಿನೀರು."

"ನಮ್ಮ ಬೀದೀಲಿ ಹಿಮ ತೆಗ್ಸಿ ಆಮೇಲೆ ಕಾಫಿ ಮಾತಾಡು ಮಾರ್ವಿನ್. ನಿಮ್ಮ ಬೀದೀದು ಮಾತ್ರ ಮೊದಲು ತೆಗ್ಸೋದು ಯಾಕೆ ಅಂತ ಎಲ್ರಿಗೂ ಗೊತ್ತು."

"ಪ್ರಾರ್ಥನೆಗೆ ಬಂದ್ರೆ ಒಬ್ರೂ ಮುಂದಿನ ಸಾಲಲ್ಲಿ ಕೂರಲ್ಲ," ಎಂದರು ಪಾದ್ರಿ ಲುಂಡ್‌ಬಿ. ಅವರ ಕಣ್ಣಲ್ಲಿ ನೀರಿತ್ತು. "ಹನ್ನೆರಡು ವರ್ಷ ಖಾಲಿ ಬೆಂಚಿಗೆ ಉಪದೇಶ ಮಾಡಿದೀನಿ. ಬೇಜಾರಾಗುತ್ತೆ."

"ಇವನು ಗೊರಕೆ ಹೊಡೀತಾನೆ," ಎಂದಳು ಲವೋನ್, ಆರ್ಲನ್ ಕಡೆ ಬೆರಳು ತೋರಿಸಿ. "ಅದನ್ನೂ ಬರ್ಕೊಳ್ಳಿ."

ಮಿಸ್ ಕಪುಟೊ ಬರೆದುಕೊಳ್ಳುತ್ತಲೇ ಇದ್ದಳು. ನಮೂನೆ ಮುಗಿಯಿತು, ನಮೂನೆಯ ಹಿಂಬದಿ ಮುಗಿಯಿತು, ಆಮೇಲೆ ಕೈ ಒರೆಸುವ ಕಾಗದದ ಮೇಲೆ ಬರೆದಳು. ಎರಡು ಗಂಟೆ ಹಿಡಿಯಿತು. ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದ ಆ ಕೋಣೆಯಲ್ಲಿ ಆಕೆ ಏಳು ತಿಂಗಳಲ್ಲಿ ಮೊದಲ ಸಲ ತವರಿಗೆ ಬಂದಂತೆ ಹಿಗ್ಗಿ, ತಣ್ಣಗಿನ ಹಾಟ್‌ಡಿಶ್ಶನ್ನು ಎರಡು ಸಲ ಬಡಿಸಿಕೊಂಡು ತಿಂದಳು. ಹೊರಡುವಾಗ ಆರ್ಲನನ ಕೈ ಕುಲುಕಿ, "ಅರ್ಜಿ ಚೆನ್ನಾಗಿ ಬರ್ದಿದೀರಿ," ಎಂದಳು. ಅವನು ಬಾಯಿ ತೆರೆದು, ಪರವಾಗಿಲ್ಲ ಎನ್ನಲಾರದೆ, ಸುಮ್ಮನೆ ಕೈ ಕುಲುಕಿದ.

ಮರುದಿನದಿಂದ ಒಂದು ವಾರ ಕೌಂಟಿಯಲ್ಲಿ ಯಾರೂ ಯಾರ ಕಣ್ಣಿಗೂ ಬೀಳಲಿಲ್ಲ. ಅಂಗಡಿಗೆ ಹೋದವರು ಬೆನ್ನು ತಿರುಗಿಸಿಕೊಂಡು ಹಾಲು ತಂದರು. ಆದರೆ ಎರಡನೇ ವಾರ ಅರ್ಡಿಸಳ ಬೀದಿಯಲ್ಲಿ ಬೆಳಿಗ್ಗೆ ಆರಕ್ಕೇ ಹಿಮ ತೆಗೆದಿತ್ತು. ಭಾನುವಾರ ಮುಂದಿನ ಸಾಲಿನಲ್ಲಿ ನಾಲ್ಕು ಜನ ಅಪರಾಧಿಗಳಂತೆ ಕೂತಿದ್ದರು. ಕಾಫಿಯೂ ಒಂದು ಬಣ್ಣ ಕಪ್ಪಾಯಿತು. ಏಪ್ರಿಲಿನಲ್ಲಿ ಅನುದಾನ ಮಂಜೂರಾದ ಕಾಗದ ಬಂತು. ಜೊತೆಗೆ ಒಂದು ಷರತ್ತು: ಹುಡುಗರಿಗಾಗಿ ದೂರಿನ ಪುಸ್ತಕವೊಂದನ್ನು ಇಡತಕ್ಕದ್ದು. ಆ ವೇಳೆಗೆ ಟೈ ಮನೆಗೆ ಹೋಗಿದ್ದ, ಕೌದಿಯನ್ನೂ ಹೆಗಲಿಗೆ ಹಾಕಿಕೊಂಡು.

ಅಕ್ಟೋಬರಿನಲ್ಲಿ ಹೊಸ ಬಾಯ್ಲರು ಹೊತ್ತಿಕೊಂಡಿತು. ಪುಸ್ತಕ ಮಾತ್ರ ಪಡಸಾಲೆಯಲ್ಲಿ, ಬಕೆಟ್ಟಿದ್ದ ಜಾಗದಲ್ಲಿ, ಮೇಜಿನ ಮೇಲೆ ಖಾಲಿ ಕೂತಿತ್ತು. ನವೆಂಬರಿನ ಒಂದು ಮಧ್ಯಾಹ್ನ, ಹಿಂದಿನ ದಿನವಷ್ಟೇ ಬಂದಿದ್ದ ಮೇಸನ್ ಎಂಬ ಹುಡುಗ ನಾಲ್ಕನೇ ಕೋಣೆಯ ಬಾಗಿಲನ್ನು ಒಳಗಿನಿಂದ ಬಡಿದ. ಆರ್ಲನ್ ಬೀಗ ತೆಗೆದ.

"ಮಿಸ್ಟರ್ ಟ್ವೆಟನ್, ಇಲ್ಲಿ ಸಿಕ್ಕಾಪಟ್ಟೆ ಸೆಕೆ. ತಡಿಯೋಕಾಗ್ತಿಲ್ಲ."

ಆರ್ಲನನ ಕೈಯಿಂದ ಬೀಗ ಬಿತ್ತು. "ಏನಂದೆ?"

"ಸೆಕೆ ಅಂದೆ."

"ತಾಳು, ಇನ್ನೊಂದ್ ಸಲ ಹೇಳು. ಅರ್ಡಿಸ್, ಬೇಗ ಬಾ ಇಲ್ಲಿ."

ಅರ್ಡಿಸ್ ಆಲೂಗಡ್ಡೆ ಹಿಡಿದ ಬರಿಗೈಯಲ್ಲೇ ಓಡಿಬಂದಳು. ಹುಡುಗ ಇವರಿಬ್ಬರ ಮುಖ ನೋಡಿ ಹೆದರಿ, ಮತ್ತೊಮ್ಮೆ ಸೆಕೆ ಎಂದ. ಇಬ್ಬರೂ ಕೇಳಿಸಿಕೊಂಡರು. ಆರ್ಲನ್ ಪುಸ್ತಕ ತೆರೆದು, ಮೊದಲ ಪುಟದಲ್ಲಿ ತಾರೀಕು ಹಾಕಿ, ದುಂಡಾದ ಅಕ್ಷರದಲ್ಲಿ ಬರೆದ: ನಾಲ್ಕನೇ ಕೋಣೆ, ಸೆಕೆ. ಕೈಗೊಂಡ ಕ್ರಮ ಎಂಬಲ್ಲಿ, ಕಿಟಕಿ ನಾಲ್ಕು ಬೆರಳು ತೆರೆಯಲಾಯಿತು. ಆಮೇಲೆ ಹೋಗಿ ಕಿಟಕಿ ತೆರೆದು, ಹುಡುಗನನ್ನು ಸಾಕಾ ಎಂದು ಕೇಳಿ, ಇನ್ನೆರಡು ಬೆರಳು ತೆರೆದ.

ಸಂಜೆ ಮನೆಗೆ ಬಂದಾಗ ಲವೋನ್ ಒಲೆಯ ಮುಂದೆ ನಿಂತೇ ಕೇಳಿದಳು, ಮೂವತ್ತು ವರ್ಷದಿಂದ ಕೇಳುವ ಹಾಗೆ. "ಹೇಗಿತ್ತು ಇವತ್ತು?"

ಆರ್ಲನನ ಗದ್ದ ಕಾಲರಿನೊಳಗೆ ಇಳಿಯಿತು. ಒಂದು ಭುಜ ಅರ್ಧ ಮೇಲೆದ್ದು, ಅಲ್ಲೇ ನಿಂತಿತು.

"ಚೆನ್ನಾಗಿತ್ತು," ಎಂದ. "ತುಂಬಾ ಚೆನ್ನಾಗಿತ್ತು."

ಲವೋನ್ ಸೌಟು ಕೆಳಗಿಟ್ಟು ಬಂದು, ಅವನ ಹಣೆ ಮುಟ್ಟಿ ನೋಡಿದಳು.